ಮೀಸೆಯ ಒಪ್ಪಂದ

ಬಟ್ಟೆ ನೆನೆಹಾಕುವ ನೀಲಿ ಟಬ್ಬಿನಲ್ಲಿ ಮೀನೊಂದು ಸಂಸಾರ ಹೂಡಿದರೆ ಮನೆಯ ಕ್ರಮವೆಲ್ಲ ಹೇಗೆ ಏರುಪೇರಾಗುತ್ತದೆ ಎಂಬುದನ್ನು, ಗೆಳೆಯರೇ, ಅನುಭವಿಸಿಯೇ ತಿಳಿಯಬೇಕು. ಒಂದು ವಾರ ನಾವು ಅನುಭವಿಸಿದೆವು. ಅವ್ವ ಬಟ್ಟೆಗಳನ್ನು ಸಣ್ಣ ಬಕೆಟ್ಟಿನಲ್ಲಿ ಕಂತುಕಂತಾಗಿ ನೆನೆಹಾಕಿದಳು. ಸ್ನಾನಕ್ಕೆ ಹೋದವರು ಸೋಪಿನ ನೊರೆ ಟಬ್ಬಿಗೆ ಸಿಡಿಯದಂತೆ ಮೂಲೆಯಲ್ಲಿ ಮುದುಡಿಕೊಂಡು, ಯಾರದೋ ಮನೆಗೆ ಬಂದ ನೆಂಟರ ಹಾಗೆ ಮೈ ತೊಳೆದುಕೊಂಡರು. ನಾನು ದಿನಚರಿ ಬರೆಯುವವಳು. ಹವಾಮಾನ, ಹಾಲು, ಓದಿದ ಪಾಠ ಇವುಗಳ ಕೆಳಗೆ ಆ ವಾರ ಪ್ರತಿದಿನ ಒಂದು ಸಾಲು ಹೆಚ್ಚಿಗೆ ಬರೆದೆ: ‘ಮೀನು: ಕ್ಷೇಮ. ಕುಲ: ತಕರಾರಿನಲ್ಲಿದೆ.’

ತಕರಾರಿನ ಬೇರು ಹಳೆಯದೊಂದು ಒಪ್ಪಂದದಲ್ಲಿದೆ. ನನ್ನ ಅಪ್ಪ ಫಕೀರಪ್ಪ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು. ತೇರಗಾಂವದ ಕಡೆ ಹೊಲ ಮಾಡಿಕೊಂಡಿರುವ ಸಿದ್ದಿ ಜನದ ಇನಾಸ ಕಾಕಾ ಅವನ ದೋಸ್ತ. ಪ್ರತಿ ಭಾನುವಾರ ಕಾಕಾ ಚರ್ಚು ಮುಗಿಸಿ ಬೈಕಿನಲ್ಲಿ ಬರುತ್ತಾರೆ. ಇಬ್ಬರೂ ಕೋಗಿಲಬನಕ್ಕೆ ಹೋಗಿ ಕಾಳಿ ಹೊಳೆಯ ದಂಡೆಯಲ್ಲಿ ಗಾಳ ಹಾಕಿ, ಮೊಸಳೆಗೂ ಮೀನಿಗೂ ಕೇಳಿಸದಷ್ಟು ಮೆಲ್ಲಗೆ ಹರಟುತ್ತಾರೆ. ಸಿಕ್ಕದ್ದೆಲ್ಲ ಒಂದೇ ಚೀಲಕ್ಕೆ. ಅಪ್ಪನಿಗೆ ಒಮ್ಮೆ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತ್ತಂತೆ; ಅಂದಿನಿಂದ ಸಣ್ಣ ಮುಳ್ಳಿನ ಮೀನೆಂದರೆ ಅವನಿಗೆ ದಿಗಿಲು. ಕಾಕಾನ ಸಿದ್ಧಾಂತವೇ ಬೇರೆ: “ಮುಳ್ಳಿಲ್ಲದ ಮೀನು ತಿನ್ನೂದಕಿಂತ ಬದನೀಕಾಯಿ ತಿನ್ನೂದು ಚಲೋ.” ಹೀಗಾಗಿ ಗಾಳ ಯಾರದೇ ಇರಲಿ, ಮೀನು ಎಷ್ಟೇ ದೊಡ್ಡದಿರಲಿ, ಸಣ್ಣ ಮುಳ್ಳಿನ ಕಾಟವಿಲ್ಲದ, ಮೀಸೆ ಇದ್ದದ್ದು ಅಪ್ಪನಿಗೆ, ಮುಳ್ಳು ತುಂಬಿದ, ಮೈಮೇಲೆ ಹುರುಪೆ ಹೊಳೆಯುವುದು ಕಾಕಾನಿಗೆ. ನಾನು ಹುಟ್ಟುವ ಮೊದಲಿನಿಂದಲೂ ಈ ಪಾಲು ಒಂದು ಮಾತಿಲ್ಲದೆ ನಡೆದುಬಂದಿತ್ತು. ಪ್ರಾಣಿಶಾಸ್ತ್ರ ಓದಲು ಕಾಲೇಜಿಗೆ ಸೇರಿದಾಗ ಪುಸ್ತಕದಲ್ಲೂ ಅದೇ ಗೆರೆ ಕಂಡು ನನಗೆ ಹೆಮ್ಮೆಯಾಗಿತ್ತು: ಕ್ಯಾಟ್‌ಫಿಶ್ ಕುಲಕ್ಕೆ ಮೀಸೆಯುಂಟು, ಹುರುಪೆಯಿಲ್ಲ.

ಹೆಸರಿಡುವವರು ಮೊದಲು ಎಲ್ಲಿ ನೋಡುತ್ತಾರೆ ಎಂಬುದರಲ್ಲೇ ಅವರ ಸ್ವಭಾವ ತಿಳಿಯುತ್ತದೆ ಎಂದು ನನಗೆ ಅನಿಸುತ್ತದೆ. ಇಂಗ್ಲಿಷರು ಮುಖ ನೋಡಿದರು, ಮೀಸೆ ಕಂಡರು, ಬೆಕ್ಕನ್ನು ನೆನೆದರು. ತಿನ್ನುವವನ ಹೆಸರನ್ನು ತುತ್ತಿಗೇ ಇಟ್ಟ ಜಾಣತನ ಅವರದು. ನಮ್ಮವರು ಕೆಸರಿನಲ್ಲಿ ಕೈಹಾಕಿ, ಚುಚ್ಚಿಸಿಕೊಂಡು, ಬೆರಳು ಬಾಯಲ್ಲಿಟ್ಟುಕೊಂಡೇ ‘ಚೇಳು ಮೀನು’ ಎಂದು ಕೂಗಿರಬೇಕು. ಇನ್ನೊಂದರ ಉದ್ದನೆಯ ಚಪ್ಪಟೆ ಮೈ ನೋಡಿ ‘ಬಾಳೆ ಮೀನು’ ಎಂದವನು ಖಂಡಿತ ಹಸಿದಿದ್ದ. ಮೀನಿಗಿಂತ ಮೊದಲು ಎಲೆ ಕಂಡಿದೆ ಅವನಿಗೆ. ಹಳಿಯಾಳದ ಸಂತೆಯಿಂದ ಜೋಯಿಡಾದ ಸಂತೆಗೆ ಹೋಗುವಷ್ಟರಲ್ಲಿ ಒಂದೇ ಮೀನಿಗೆ ಕನ್ನಡ, ಮರಾಠಿ, ಕೊಂಕಣಿಗಳಲ್ಲಿ ಮತ್ತೆ ಮತ್ತೆ ನಾಮಕರಣವಾಗುತ್ತದೆ, ತೊಟ್ಟಿಲಿಲ್ಲ, ಪೇಡೆಯಿಲ್ಲ ಅಷ್ಟೆ. ಈ ಗೊಂದಲ ತಪ್ಪಿಸಲೆಂದೇ ವಿಜ್ಞಾನಿಗಳು ಎರಡು ಪದದ ಹೆಸರು ತಂದರಂತೆ. ಅದರಲ್ಲಿ ಹೊಸತೇನಿದೆ? ನಮ್ಮ ಕಾಲನಿಯಲ್ಲಿ ಬಸಪ್ಪ ಎಂಬುದೊಂದು ಕುಲ. ಬಾಯ್ಲರ್ ಬಸಪ್ಪ, ಗೇಟ್ ಬಸಪ್ಪ, ಮೀಸೆ ಬಸಪ್ಪ ಎಂದು ಅದರಲ್ಲಿ ಪ್ರಭೇದಗಳು. ಮೀಸೆ ಬಸಪ್ಪ ಕಳೆದ ವರ್ಷ ಮೀಸೆ ಬೋಳಿಸಿದ. ವರ್ಗೀಕರಣ ಮಾತ್ರ ಬದಲಾಗಿಲ್ಲ.

ಆ ಭಾನುವಾರ ಚೀಲದಿಂದ ಹೊರಬಿದ್ದ ಮೀನು ಎಲ್ಲ ಶಾಸ್ತ್ರಗಳಿಗೂ ಬಾಲ ಬಡಿಯಿತು. ಮೈತುಂಬ ಹಿತ್ತಾಳೆ ಬಣ್ಣದ ಹುರುಪೆ. ಬಾಯಿಯ ಅಂಚಿಗೆ ಪುಟ್ಟ ಪುಟ್ಟ ಮೀಸೆ. ಅಪ್ಪ ಮೀಸೆ ಹಿಡಿದು ತೋರಿಸಿದ, ಕಾಕಾ ಮೈ ಸವರಿ ತೋರಿಸಿದರು. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು.

“ಯವ್ವಾ, ನೀ ಕಾಲೇಜ ಓದಾಕಿ. ಹೇಳು, ಇದು ಯಾರದು?”

ನಾನು ಪುಸ್ತಕ ತೆರೆಯಬೇಕಾಗಿಯೂ ಇರಲಿಲ್ಲ. “ಇದು ಗೆಂಡೆ ಮೀನು ಅಪ್ಪಾ. ಗೆಂಡೆಗೂ ಮೀಸಿ ಇರ್ತಾವ. ಕ್ಯಾಟ್‌ಫಿಶ್ ಅಲ್ಲ. ಕಾಕಾಂದು.”

“ನಿನ್ನ ಓದಿಸಿದ್ದು ಇನಾಸನ ವಕೀಲಕಿ ಮಾಡ್ಲಿಕ್ಕೇನು? ಒಪ್ಪಂದದಾಗ ಮೀಸಿ ಅಂತ ಐತಿ. ಕುಲಗಿಲ ಯಾರ ಕೇಳ್ಯಾರ?”

“ಮೀಸಿ ಬೆಕ್ಕಿಗೂ ಐತಿ,” ಎಂದಳು ಅವ್ವ ಒಳಗಿನಿಂದ. “ಹೋಗಿ ಅದನ್ನೂ ಸಾರು ಮಾಡಸ್ಕೋರಿ.”

ಕಾಕಾ ನಕ್ಕರು. ನಗಬಾರದಿತ್ತು. ಅಪ್ಪ ಮುಖ ಬಿಗಿದು, “ತಗೊಂಡು ಹೋಗಪಾ, ಹೊಟ್ಟಿಬಾಕ” ಎಂದ. ಕಾಕಾನ ನಗು ಅಲ್ಲೇ ನಿಂತಿತು. “ಹಂಗಂದ ಮ್ಯಾಲ ನನಗ ಬ್ಯಾಡ. ನೀನ ತಿನ್ನು” ಎಂದವರೇ ಚಹಾ ಮುಟ್ಟದೆ ಬೈಕು ಹತ್ತಿದರು. ‘ದೋಸ್ತನ ಪಾಲು ತಿಂದ’ ಎಂಬ ಮಾತು ಅಪ್ಪನಿಗೂ ಬೇಡ. ಹೀಗೆ ಇಬ್ಬರಿಗೂ ಬೇಡವಾದ, ಇನ್ನೂ ಜೀವವಿದ್ದ ಮೀನು ಟಬ್ಬು ಸೇರಿತು.

ವಾರವಿಡೀ ಅಪ್ಪ ಮೇಲ್ಮನವಿ ಸಲ್ಲಿಸುತ್ತಲೇ ಇದ್ದ. ಯಾರದೋ ಅಂಗಡಿಯ ಗಾಜಿನ ತೊಟ್ಟಿಯಲ್ಲಿ ಗೋಡೆಗೆ ಬಾಯಿ ಅಂಟಿಸಿಕೊಂಡು ಪಾಚಿ ನೆಕ್ಕುವ ಕಪ್ಪು ಮೀನು ನೋಡಿಬಂದು, “ಅದೂ ಕ್ಯಾಟ್‌ಫಿಶ್ ಅಂತ. ಮೈ ಮುಟ್ಟಿದ್ರ ಮನಿ ಮ್ಯಾಲಿನ ಹಂಚು ಮುಟ್ಟಿಧಂಗ ಐತಿ. ಈಗೇನಂತಿ?” ಎಂದ. ಅವು ಹುರುಪೆಯಲ್ಲ, ಎಲುಬಿನ ಫಲಕಗಳು ಎಂದು ನಾನು ವಿವರಿಸಿದೆ. “ನಿನ್ನ ಶಾಸ್ತ್ರಕ್ಕ ಬೇಕಾದಾಗ ಎಲುಬು, ಬ್ಯಾಡಾದಾಗ ಹುರುಪಿ,” ಎಂದು ಅಪ್ಪ ಎದ್ದುಹೋದ. ಆ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ಪ್ರಕೃತಿ ಮೀನು ಮಾಡಿತು. ಗೆರೆ ಎಳೆದವರು ನಾವು. ಗೆರೆ ದಾಟಿ ಈಜಿದ್ದು ಮೀನಿನ ತಪ್ಪೆಂದು ಹೇಗೆ ಹೇಳುವುದು? ಆದರೆ ನನ್ನ ಸರಿಯಾದ ಉತ್ತರದಿಂದ ಮನೆಯೊಳಗಿನ ಒಂದು ಭಾನುವಾರ ಮುರಿದುಬಿದ್ದಿತ್ತು. ಅದನ್ನು ಯಾವ ಕುಲಕ್ಕೆ ಸೇರಿಸುವುದೋ ಪುಸ್ತಕದಲ್ಲಿರಲಿಲ್ಲ.

ಮುಂದಿನ ಭಾನುವಾರ ಅಪ್ಪ ಬೆಳಿಗ್ಗೆಯೇ ಗಾಳದ ದಾರ ಬಿಡಿಸಿ ಮತ್ತೆ ಸುತ್ತಿದ. ಚರ್ಚು ಬಿಡುವ ಹೊತ್ತು ದಾಟಿತು. ರಸ್ತೆಯಲ್ಲಿ ಬೈಕು ಸದ್ದಾದಾಗಲೆಲ್ಲ ಅವನು ಪೇಪರಿನಿಂದ ಮುಖ ಎತ್ತುತ್ತಿದ್ದ, ಸದ್ದು ಮುಂದೆ ಹೋದಾಗ ಪೇಪರು ತಿರುವುತ್ತಿದ್ದ. “ನನ್ನ ಫೋನಿಗೆ ಚಾರ್ಜ್ ಐತೇನು ನೋಡವಾ,” ಎಂದ. ಇತ್ತು. “ಹೋಗೂಣೇನು ಅಪ್ಪಾ, ನಾ ಬರ್ತೇನಿ,” ಎಂದೆ. “ನೀ ಬಂದ್ರ ಮೀನಿಗೆ ಪಾಠ ಹೇಳ್ತಿ. ಬ್ಯಾಡ,” ಎಂದನೇ ಹೊರತು ಆ ಮಾತಿನಲ್ಲಿ ಖಾರವಿರಲಿಲ್ಲ.

ಊಟದ ಹೊತ್ತಿಗೆ ಬೈಕು ಬಂತು. ಮುಂದೆ ಕಾಕಾ, ಹಿಂದೆ ಅವರ ಹೆಂಡತಿ ರೋಜಿ ಮೌಶಿ. ಕಾಕಾ ಗೇಟಿನ ಹೊರಗೇ ನಿಂತು ಎದುರು ಮನೆಯ ಪೇರಲ ಗಿಡ ನೋಡತೊಡಗಿದರು. ಮೌಶಿ ನೇರ ಬಚ್ಚಲಿಗೆ ಹೋದರು.

“ಇದಕ್ಕೇನು ಒಂದು ವಾರ ನನ್ನ ಗಂಡ ಉಣ್ಣಾಕ ಒಲ್ಲೆ ಒಲ್ಲೆ ಅಂದದ್ದು? ಸುಮಾ, ಬಾ ಇಲ್ಲಿ. ಮೀಸಿ ಎಲ್ಲಿ ಅದಾವು?”

“ಬಾಯಿ ಹತ್ತರ, ಮೌಶಿ.”

“ಹುರುಪಿ ಎಲ್ಲಿಂದ ಚಾಲೂ?”

ನಾನು ಬಗ್ಗಿ ನೋಡಿದೆ. ವಾರವೆಲ್ಲ ನೋಡಿದ್ದರೂ ನೋಡಿರಲಿಲ್ಲ: ಗೆಂಡೆಯ ತಲೆ ನುಣ್ಣಗೆ ಬೋಳು. “ಕಿವಿರಿನ ಹಿಂದಿನಿಂದ,” ಎಂದೆ.

“ಮತ್ತ? ಅಲ್ಲಿಗೆ ಕಡದ್ರ ಮುಂದಿಂದು ಫಕೀರಪ್ಪಂದು, ಹಿಂದಿಂದು ನಮ್ಮವರದು. ಒಪ್ಪಂದ ಹಂಗ ಐತಿಲ್ಲ? ಈಳಿಗಿ ಎಲ್ಲಿ?”

ನನ್ನೊಳಗಿನ ವಿಜ್ಞಾನ ಏನೋ ಹೇಳಹೊರಟಿತು. ಅವ್ವ ಅದರ ಕೈಗೆ ಖಾಲಿ ಟಬ್ಬು ಕೊಟ್ಟು ತೊಳೆಯಲು ಕಳಿಸಿದಳು.

ಒಂದೇ ಗಡಿಗೆಯಲ್ಲಿ ಸಾರಾಯಿತು. ಅಪ್ಪನ ತಾಟಿನಲ್ಲಿ ತಲೆ ಮಾತ್ರ. ಪಾಲಿನಲ್ಲಿ ಸೋತು ವಾದದಲ್ಲಿ ಗೆದ್ದ ಅವನ ಮುಖ ಅರಳಿತ್ತು. ಆದರೆ ಗೆಂಡೆಯ ತಲೆಯೆಂದರೆ ಎಲುಬಿನ ಕಪಾಟು. ಮುಟ್ಟಲು ಹೆದರಿ ಅಪ್ಪ ಅನ್ನಕ್ಕೆ ಬರೀ ಸಾರು ಕಲಸುತ್ತ ಕೂತ. ಪಕ್ಕದಲ್ಲಿದ್ದ ಕಾಕಾ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆ ತಾಟು ತಮ್ಮ ಕಡೆ ಎಳೆದುಕೊಂಡು, ಕೆನ್ನೆಯ ಮೆತ್ತನೆಯ ಮಾಂಸ ಬಿಡಿಸಿ, ಬೆರಳಲ್ಲಿ ತಡವಿ ನೋಡಿ, ಒಂದೊಂದೇ ಚೂರು ಅಪ್ಪನ ಅನ್ನದ ಮೇಲೆ ಇಡತೊಡಗಿದರು.

“ನೋಡಿ ತಿನ್ನೋ,” ಎಂದರು. “ಮುಂದಿನ ಸಲ ಇಂಥಾದ್ದು ಗಾಳಕ್ಕ ಬಿದ್ರ, ನಿನ್ನ ಮಗಳ ಕಣ್ಣಿಗೆ ಬೀಳೂದ್ರೊಳಗ ಹೊಳಿಗೆ ಬಿಟ್ಟುಬಿಡೂಣು.”

ಅಪ್ಪ ಬಾಯಿತುಂಬ ಅನ್ನವಿಟ್ಟುಕೊಂಡೇ, ಹೌದೆಂದು ಗೋಣು ಹಾಕಿದ.