ಉಸಿರೆಳೆಯುವ ಜಾಗ

ಚರ್ಚಿನ ಜನ ಅವಳನ್ನು ಅಟ್ಟದ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಬಾಗಿಲ ಮೇಲಿನ ಮರದ ಅಟ್ಟದಲ್ಲಿ ಆರ್ಗನ್ ಇತ್ತು. ಅದರ ಮುಂದೆ ಎಲ್ಲರಿಗೂ ಬೆನ್ನು ಹಾಕಿ ಕೂತು, ಮೇಲೆ ತೂಗುಹಾಕಿದ ಸಣ್ಣ ಕನ್ನಡಿಯಲ್ಲಿ ಕೆಳಗಿನವರನ್ನು ನೋಡುತ್ತಾ ನುಡಿಸುವುದರಲ್ಲೇ ಅವಳ ತಲೆ ನೆರೆತಿತ್ತು. ಯಾರ ಮದುವೆಗೆ ಯಾವ ಹಾಡು, ಯಾರ ಮಣ್ಣಿಗೆ ಯಾವುದು ಎಂದು ಆರಿಸುವುದು ಅವಳೊಬ್ಬಳ ಹಕ್ಕು. ಪಾದ್ರಿಗಳೂ ಅದರಲ್ಲಿ ಬಾಯಿ ಹಾಕುತ್ತಿರಲಿಲ್ಲ; ಒಮ್ಮೆ ಹಾಕಿ ನೋಡಿ ಬುದ್ಧಿ ಕಲಿತಿದ್ದರು.

ಆರಿಸುವ ರೀತಿಯೂ ಅವಳದೇ. ಯಾರಾದರೂ ತೀರಿಕೊಂಡರೆ ಮನೆಯವರನ್ನು ಕೂರಿಸಿಕೊಂಡು, "ಅವರು ಹೇಗೆ ನಡೀತಿದ್ರು?" ಎಂದು ಕೇಳುತ್ತಿದ್ದಳು. ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಓಡಾಡಿ ಸತ್ತ ಬೇಕರಿಯವನಿಗೆ ಎಳೆದಾಡುವ ಶೋಕಗೀತೆ ಯಾಕೆಂದು ಚುರುಕಾದ ಸ್ತುತಿಗೀತೆಯೊಂದನ್ನು ನುಡಿಸಿ ಕಳಿಸಿಕೊಟ್ಟಿದ್ದಳು. ಅವನ ಹೆಂಡತಿ ಅಳುತ್ತಳುತ್ತಲೇ ನಕ್ಕುಬಿಟ್ಟಳು. ಮದುಮಗಳಾದರೆ ಮದುವೆಗೆ ಹಾಕುವ ಚಪ್ಪಲಿಯಲ್ಲೇ ಒಮ್ಮೆ ನಡೆದು ತೋರಿಸಬೇಕಿತ್ತು.

ತಾಪತ್ರಯವೆಂದರೆ, ಆರ್ಗನ್ನಿನ ನಟ್ಟನಡುವಿನ ಒಂದು ಕೀ ಮೂಕಿ. ಒತ್ತಿದರೆ ಉಸಿರೇ ಇಲ್ಲ. ರಿಪೇರಿಯ ಮಾತು ಪ್ರತಿ ಸಭೆಯಲ್ಲೂ ಬಂದು ಪ್ರತಿ ಸಲವೂ ಮುಂದಕ್ಕೆ ಹೋಗುತ್ತಿತ್ತು. ಹಾಗಾಗಿ ಆ ಸ್ವರ ಬಾರದ ಹಾಡುಗಳನ್ನೇ ಅವಳು ಹುಡುಕುತ್ತಿದ್ದಳು. ಒಂದು ಹಾಡನ್ನು ಮಾತ್ರ ಬಿಡಲಾಗಲಿಲ್ಲ, ಅಕ್ಕನಿಗೆ ಅದೆಂದರೆ ಪ್ರಾಣ. ಅವಳ ಒಡಹುಟ್ಟಿದ ಈ ಅಕ್ಕನೇ ಚರ್ಚಿನ ಹಾಡುವ ತಂಡದ, ಅಂದರೆ ಕ್ವಾಯರಿನ, ಯಜಮಾನಿ.

"ಆ ಸ್ವರ ಬರೋ ಕಡೆ ಎಲ್ರೂ ಉಸಿರು ಎಳ್ಕೊಂಡ್ರಾಯ್ತು ಬಿಡೇ," ಎಂದು ದಾರಿ ತೋರಿಸಿದವಳೂ ಅಕ್ಕನೇ.

ಅಂದಿನಿಂದ ಪ್ರತಿ ಚರಣದ ಮೂರನೇ ಸಾಲಿನಲ್ಲಿ ಹಾಡು ಚಕ್ಕನೆ ನಿಲ್ಲುತ್ತಿತ್ತು, ಇಡೀ ಚರ್ಚು ಉಸಿರೆಳೆಯುತ್ತಿತ್ತು, ಮತ್ತೆ ಮುಂದೆ ಸಾಗುತ್ತಿತ್ತು. ಮಕ್ಕಳು ಹಾಗೇ ಕಲಿತರು, ಮೊಮ್ಮಕ್ಕಳೂ ಹಾಗೇ. ಹೊರಗಿನಿಂದ ಬಂದ ನೆಂಟರು ಮಾತ್ರ ಆ ಖಾಲಿ ಜಾಗದಲ್ಲಿ ಒಂಟಿಯಾಗಿ ಗಂಟಲು ಬಿಟ್ಟು ಕೆಂಪಗಾಗುತ್ತಿದ್ದರು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಅಕ್ಕತಂಗಿಯರು ಮನೆಗೆ ಬಂದು ನಕ್ಕಿದ್ದೇ ನಕ್ಕಿದ್ದು.

ಇಬ್ಬರೂ ಮದುವೆಯಾಗಿರಲಿಲ್ಲ. ಒಂದೇ ಅಡುಗೆಮನೆ, ಒಂದೇ ಛತ್ರಿ. ಓದುವ ಕನ್ನಡಕವೂ ಒಂದೇ, ಅದಕ್ಕೆ ದಿನಾ ಕಿತ್ತಾಟ. ಹೀಗಿರುವಾಗ ಆರ್ಗನ್ನಿಗೆ ಗಾಳಿಯೂದುವ ತಿದಿ ಹರಿಯಿತು. ಸರಿಮಾಡಲು ಬಂದ ರಿಪೇರಿಯವನಿಗೆ ಅಕ್ಕ ಚಹಾ ಹಿಡಿದುಕೊಂಡು ಅಟ್ಟ ಹತ್ತಿದಳು. ಮಂಡಿನೋವೆಂದು ಜನ್ಮದಲ್ಲಿ ಅಟ್ಟ ಹತ್ತದವಳು! ತಿದಿಯ ಕೆಲಸ ಮುಗಿಯುತ್ತಲೇ ಇರಲಿಲ್ಲ. ಅವನು ಹೆಂಡತಿ ಸತ್ತವನು, ಮೆತ್ತನೆಯ ಮಾತಿನವನು, ಮನೆ ಹೊಳೆಯಾಚೆ. ತಿದಿಗೆ ಗಾಳಿ ತುಂಬುವಷ್ಟರಲ್ಲಿ ಅವರಿಬ್ಬರ ಮದುವೆಯೇ ಗೊತ್ತಾಗಿಹೋಯಿತು.

ಎಲ್ಲರ ನಡಿಗೆಗೂ ಹಾಡು ಆರಿಸಿದವಳಿಗೆ ಅಕ್ಕನ ನಡಿಗೆಗೆ ಆರಿಸಲಾಗಲಿಲ್ಲ. ಮೀನಮೇಷ ಎಣಿಸಿ ಕೊನೆಗೆ ತೆಗೆದದ್ದೆಲ್ಲ ಆಮೆನಡಿಗೆಯ ಹಾಡುಗಳೇ.

"ಏನೇ ಇದು? ಇದಕ್ಕೆ ನಡೆದ್ರೆ ನಾನು ಪೀಠ ಮುಟ್ಟೋಷ್ಟರಲ್ಲಿ ಅವರು ಇನ್ನೊಬ್ಬಳನ್ನ ಕಟ್ಕೊಂಡಿರ್ತಾರೆ," ಎಂದಳು ಅಕ್ಕ.

"ಅಷ್ಟು ಅವಸರಾನಾ ನಿನಗೆ, ಈ ಮನೆ ಬಿಟ್ಟು ಹೋಗೋಕೆ?"

ಅಕ್ಕ ಪಾತ್ರೆ ಒರೆಸುವುದನ್ನು ನಿಲ್ಲಿಸಿದಳು. "ನಮ್ಮ ಹಾಡನ್ನೇ ನುಡಿಸು. ಬೇರೆ ಯಾವುದಕ್ಕೂ ನನ್ನ ಕಾಲು ಏಳಲ್ಲ."

ಮದುವೆಯ ಬೆಳಿಗ್ಗೆ ಅಟ್ಟದ ಮೆಟ್ಟಿಲಲ್ಲಿ ರಿಪೇರಿಯವನು ಎದುರಾದ, ಮುಖ ಇಷ್ಟಗಲ. "ಮೂಕಿಗೆ ಮಾತು ಬಂದಿದೆ ಕಣಮ್ಮಾ. ನಿನ್ನೆ ಕೂತು ಸರಿಮಾಡ್ದೆ. ನಿಮ್ಮಕ್ಕ ಇವತ್ತು ತನ್ನ ಹಾಡು ಪೂರ್ತಿ ಕೇಳಲಿ ಅಂತ."

ಅವಳು ಹಾಡಿನ ಪುಸ್ತಕವನ್ನು ಕಂಕುಳಿಗೆ ಒತ್ತಿಕೊಂಡಳು. ಅಕ್ಕನನ್ನಂತೂ ಕರೆದೊಯ್ಯುತ್ತಿದ್ದಾನೆ, ಆ ಉಸಿರೆಳೆಯುವ ಜಾಗವನ್ನೂ ಬಿಡಲಿಲ್ಲವಲ್ಲ! ಆದರೆ ಒಳ್ಳೆಯ ಮನಸ್ಸಿನಿಂದ ಮಾಡಿದ್ದನ್ನು ಬೇಡವೆನ್ನಲು ನಾಲಿಗೆ ಏಳಲಿಲ್ಲ. "ಆಗ್ಲಿ, ರಿಪೇರಿಯವರೇ," ಎಂದಳು. ಭಾವ ಎಂದು ಕರೆ ಎಂದು ಅಕ್ಕ ಎಷ್ಟು ಗೋಗರೆದರೂ ಅವಳ ಬಾಯಲ್ಲಿ ಅದು ಬಂದಿರಲಿಲ್ಲ.

ಅಕ್ಕ ಬಾಗಿಲಲ್ಲಿ ನಿಂತಳು. ಹಾಡು ಶುರುವಾಯಿತು, ಜನ ಎದ್ದು ನಿಂತು ದನಿಗೂಡಿಸಿದರು. ಮೂರನೇ ಸಾಲು ಬಂತು. ಅವಳು ಕೀ ಒತ್ತಿದಳು. ಎಲ್ಲರೂ ಉಸಿರೆಳೆಯುತ್ತಿದ್ದ ಹೊತ್ತಿನಲ್ಲಿ ಆರ್ಗನ್ ಒಂದೇ, ಕರೆಯದೆ ಬಂದ ನೆಂಟನ ಹಾಗೆ, ದೊಡ್ಡದಾಗಿ ಮೊಳಗಿತು. ತಲೆಗಳೆಲ್ಲ ಅಟ್ಟದ ಕಡೆ ತಿರುಗಿದವು. ಅಕ್ಕ ನಡುದಾರಿಯಲ್ಲಿ ನಿಂತುಬಿಟ್ಟಳು. ತಿರುಗಿ ನೋಡಿದ ಅವಳ ಮುಖ ಕನ್ನಡಿಯಲ್ಲಿ ಕಂಡಿತು: ದಾರಿ ತಪ್ಪಿದವರ ಮುಖ.

ಎರಡನೇ ಚರಣದಲ್ಲಿ ಆ ಜಾಗ ಬಂದಾಗ ಚಿಕ್ಕಮ್ಮ ಕೀ ಒತ್ತದೆ ಬೆರಳು ಮೇಲೆತ್ತಿದಳು. ಇಡೀ ಚರ್ಚು ಉಸಿರೆಳೆಯಿತು. ಆ ಮೌನದೊಳಗೆ ಒಬ್ಬನೇ ಒಬ್ಬ ಗಂಡಸಿನ ದನಿ ಗಟ್ಟಿಯಾಗಿ ಆ ಸ್ವರವನ್ನು ಹಾಡಿತು. ಮದುಮಗ! ಪಾಪ, ತಾನು ಸರಿಮಾಡಿದ ಕೀಗಾಗಿ ಕಾದು ನಿಂತಿದ್ದವನು. ಜನ ಬಿದ್ದು ಬಿದ್ದು ನಕ್ಕರು. ಅಕ್ಕ ನಕ್ಕ ನಗುವಿಗೆ ಕೈಯಲ್ಲಿದ್ದ ಹೂವೆಲ್ಲ ಅಲುಗಾಡಿತು, ಹೆಜ್ಜೆ ತಾನಾಗಿ ಎದ್ದಿತು.

ಮೂರನೇ ಚರಣಕ್ಕೆ ಅಟ್ಟದ ಚಿಕ್ಕಮ್ಮ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದಳು. ಆ ಜಾಗ ಬಂತು. ಅವನು ಬಾಯಿ ತೆರೆದ, ಹತ್ತಿರ ಬಂದಿದ್ದ ಅಕ್ಕನ ಕಡೆ ನೋಡಿದ, ಬಾಯಿ ಮುಚ್ಚಿದ. ಎಲ್ಲರ ಜೊತೆ ಅವನ ಎದೆಯೂ ಉಬ್ಬಿ ಇಳಿಯಿತು. ಕನ್ನಡಿ ಮಂಜಾಯಿತು, ಕಣ್ಣು ಒರೆಸಿಕೊಳ್ಳಲು ಅವಳ ಕೈ ಖಾಲಿ ಇರಲಿಲ್ಲ.

ಎಲ್ಲ ಮುಗಿದ ಮೇಲೆ ಅವನು ಅಟ್ಟಕ್ಕೆ ಬಂದ, ತಪ್ಪು ಮಾಡಿದವನಂತೆ. "ಯಾಕಮ್ಮಾ, ಕೀ ಮತ್ತೆ ಕೈ ಕೊಡ್ತಾ? ಬಿಚ್ಚಿ ನೋಡ್ಲಾ?"

"ಏನೂ ಬೇಡ. ಚೆನ್ನಾಗೇ ಇದೆ, ಬೇರೆ ಹಾಡಿಗೆಲ್ಲ ಬೇಕಾಗತ್ತೆ," ಎಂದಳು. "ಇದೊಂದರಲ್ಲಿ ಮಾತ್ರ ನಾವು ಉಸಿರು ಎಳ್ಕೋತೀವಿ, ಭಾವ."