ಹಂಗೇರಿಯವನ ಗೋಲುಗಳೂ ಸ್ಕೂಟರ್ ಒರೆಸುವ ಬಟ್ಟೆಯೂ

ನಮ್ಮ ಮನೆಯ ಸ್ಕೂಟರ್ ಒರೆಸುವ ಬಟ್ಟೆ ಒಂದು ಕಾಲದಲ್ಲಿ ಫುಟ್‌ಬಾಲ್ ಜೆರ್ಸಿಯಾಗಿತ್ತು. ಹಸಿರು ಮಾಸಿದೆ, ಕುತ್ತಿಗೆಯ ಪಟ್ಟಿ ಹರಿದು ಎಲ್ಲಿಯೋ ಹೋಗಿದೆ, ಒಂದು ತೋಳು ಇಂಜಿನ್ನಿನ ಎಣ್ಣೆ ಕುಡಿದು ಕಪ್ಪಾಗಿದೆ. ಆದರೆ ಬೆನ್ನಿನ ಮೇಲಿನ ಒಂಬತ್ತು ಎಂಬ ಅಂಕೆಯೂ ಅದರ ಮೇಲೆ ಕಮಾನಿನ ಹಾಗೆ ಅಚ್ಚಾದ ‘ಅಬ್ಬಾಸ್ ಜುಬೈಲ್’ ಎಂಬ ಹೆಸರೂ ಸೋಪಿಗೂ ಸೀಮೆಎಣ್ಣೆಗೂ ಜಗ್ಗದೆ ಉಳಿದುಕೊಂಡಿವೆ. ಬೆಳ್ತಂಗಡಿ ಕಡೆಯ ಒಂದು ತಂಡಕ್ಕೆ ನನ್ನ ಹೆಂಡತಿಯ ಅಣ್ಣ ಗೋಲ್‌ಕೀಪರ್ ಆಗಿದ್ದ. ಹಳೆಯ ಜೆರ್ಸಿಗಳನ್ನು ಹಂಚಿಕೊಂಡಾಗ ಅವನ ಪಾಲಿಗೆ ಬಂದದ್ದು ಕೊನೆಗೆ ಬಿ.ಸಿ. ರೋಡಿನ ನಮ್ಮ ಮನೆಯ ಮೆಟ್ಟಿಲಿಗೆ ಬಂದು ಬಿತ್ತು. ನೀವು ನಮ್ಮ ಕಡೆಯವರಲ್ಲದಿದ್ದರೆ ಒಂದು ಮಾತು ಹೇಳಬೇಕು, ಸ್ನೇಹಿತರೇ. ಟಿ.ವಿ.ಯಲ್ಲಿ ಕಾಣುವ ದೊಡ್ಡ ಆಟಗಾರರ ಬೆನ್ನಿನಲ್ಲಿ ಅವರವರ ಹೆಸರಿರುತ್ತದೆ. ನಮ್ಮ ಊರಿನ ಆಟಗಾರನ ಬೆನ್ನಿನಲ್ಲಿರುವುದು ಜೆರ್ಸಿ ಕೊಡಿಸಿದವನ ಹೆಸರು. ಆಡುವವನು ಗುರುವಾಯನಕೆರೆಯಲ್ಲಿರುತ್ತಾನೆ, ಬೆನ್ನಿನವನು ಜುಬೈಲಿನಂಥ ಯಾವುದೋ ಗಲ್ಫ್ ಊರಿನಲ್ಲಿರುತ್ತಾನೆ, ಆ ಊರು ಅವನ ಹೆಸರಿಗೂ ಅಂಟಿರುತ್ತದೆ. ಇದು ನಮಗೆಲ್ಲ ಎಷ್ಟು ಸಹಜವೆಂದರೆ ಇದರಲ್ಲಿ ಅನುಮಾನ ಪಡುವಂಥದ್ದೇನಾದರೂ ಇರಬಹುದು ಎಂದು, ಅನುಮಾನವನ್ನೇ ಉದ್ಯೋಗ ಮಾಡಿಕೊಂಡು ಸುದ್ದಿಮನೆಯಲ್ಲಿ ಕೂದಲು ನರೆಸಿಕೊಂಡ ನನಗೂ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದವನು ಹಂಗೇರಿ ದೇಶದ ಒಬ್ಬ ಗೋಲುಗಾರ. ಅವನನ್ನು ನನ್ನ ಮನೆಗೆ ಕರೆತಂದವರು ಬೆಳ್ತಂಗಡಿಯಲ್ಲಿ ಚಪ್ಪಲಿ ಅಂಗಡಿ ಇಟ್ಟುಕೊಂಡಿರುವ ಇಸ್ಮಾಯಿಲ್. ಆ ತಂಡದ ಪಂದ್ಯಗಳಿಗೆ ಇಸ್ಮಾಯಿಲ್ ಮೈಕು ಹಿಡಿಯುತ್ತಿದ್ದರು. ಮೈದಾನದಲ್ಲಿ ಏನೂ ನಡೆಯದಿದ್ದಾಗಲೂ ಏನೋ ನಡೆಯುತ್ತಿದೆ ಎಂದು ನಂಬಿಸುವ ಗಂಟಲು ಅವರದು. ತಂಡದ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ಬರುತ್ತದೆ, ಅದಕ್ಕೆ ನಾನೊಂದು ಲೇಖನ ಕೊಡಬೇಕು ಎಂದು ಅವರು ಬಂದಿದ್ದರು.

“ಹಂಗೇರಿಯವನ ಬಗ್ಗೆ ಬರೀರಿ ಪೇಪರ್‌ನವರೇ. ಹುಟ್ಟಿದ್ದು, ಆಡಿದ್ದು, ಎಷ್ಟು ಗೋಲು, ಎಲ್ಲ.”

“ಬೆಳ್ತಂಗಡಿಯ ಸಂಚಿಕೆಗೆ ಹಂಗೇರಿಯವ ಎಂತಕ್ಕೆ ಮಾರಾಯ್ರೆ?”

“ಎಂತಕ್ಕೆ ಅಂದ್ರೆ? ನಮ್ಮ ಮೋನಪ್ಪನಿಗೆ ಹಂಗೇರಿ ಮೋನಪ್ಪ ಅಂತ ಹೆಸರಿಟ್ಟದ್ದು ಯಾರು? ನಾನಲ್ವಾ? ಎಲ್ಲಿಯೋ ಓದಿದ್ದೆ ಅವನ ಕಥೆ. ಮೈಕಿನಲ್ಲಿ ಹೇಳಿ ಹೇಳಿ ಇಡೀ ತಾಲೂಕಿಗೆ ಬಾಯಿಪಾಠ ಮಾಡಿಸಿದ್ದೇನೆ.”

ಮೋನಪ್ಪ ಆ ತಂಡದ ಮುಂಚೂಣಿ ಆಟಗಾರನಾಗಿದ್ದ. ಈಗ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯಲ್ಲಿ ಟಯರು ಪಂಕ್ಚರಿನ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಒಪ್ಪಿಕೊಂಡೆ.

ಆ ಹಂಗೇರಿಯವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಲೆಕ್ಕದ ಮೇಲೆ ನನಗಿರುವ ಅನುಮಾನವನ್ನು ಹೇಳಿಕೊಳ್ಳುವುದಿದೆ, ಉತ್ತರ ಕೊಡಲು ಅವನು ಬದುಕಿಲ್ಲ; ಅಷ್ಟು ಶಿಷ್ಟಾಚಾರವನ್ನು ವೃತ್ತಿ ನನಗೆ ಕಲಿಸಿದೆ. ಬುಡಾಪೆಸ್ಟಿನ ಹೊರವಲಯದಲ್ಲಿ ಟ್ರಾಮಿನ ಕಾರ್ಖಾನೆಯ ಕೆಲಸಗಾರನ ಮಗನಾಗಿ ಹುಟ್ಟಿದವನು, ಅಮ್ಮನ ಹಳೆಯ ಕಾಲುಚೀಲಕ್ಕೆ ಚಿಂದಿ ತುರುಕಿ ಮಾಡಿದ ಚೆಂಡಿನಲ್ಲಿ ಆಡಿ ಬೆಳೆದವನು, ಮೀಸೆ ಮೂಡುವ ಮೊದಲೇ ದೊಡ್ಡ ತಂಡಕ್ಕೆ ಸೇರಿದವನು. ಎರಡು ಕಾಲಿನಲ್ಲೂ ಹೊಡೆಯುತ್ತಿದ್ದನಂತೆ, ತಲೆಯಲ್ಲೂ ಹೊಡೆಯುತ್ತಿದ್ದನಂತೆ. ಯುದ್ಧ ಬಂತು, ಅರ್ಧ ಕುಸಿದ ಮೈದಾನಗಳಲ್ಲೂ ಆಟ ನಡೆಯಿತು, ಅಲ್ಲಿಯೂ ಅವನು ಹೊಡೆದ. ಯುದ್ಧ ಮುಗಿದು ಸರಕಾರ ಬದಲಾಯಿತು, ತಂಡಗಳ ಹೆಸರುಗಳೇ ಬದಲಾದವು, ಜೊತೆಗಾರರು ಕೆಲವರು ರಾತ್ರೋರಾತ್ರಿ ಗಡಿ ದಾಟಿದರು. ಅವನು ಹೋಗಲಿಲ್ಲ, ಯಾಕೆಂದು ಯಾರಿಗೂ ಹೇಳಲೂ ಇಲ್ಲ. ಮಂಡಿ ಕೆಟ್ಟ ಮೇಲೆ ಊರೂರು ತಿರುಗಿ ಆಟ ಕಲಿಸಿದ. ಕೊನೆಗಾಲದಲ್ಲಿ ತಾನಾಡಿದ ಮೈದಾನಕ್ಕೇ ಬಂದು, ಟಿಕೆಟ್ ಕೇಳದೆ ಒಳಗೆ ಬಿಡುವ ಗೇಟಿನವನೊಡನೆ ಹವಾಮಾನದ ಬಗ್ಗೆ ಮಾತಾಡಿ ಹೋಗುತ್ತಿದ್ದನಂತೆ.

ಇಷ್ಟೂ ನನಗೆ ಒಪ್ಪಿಗೆಯೇ. ಗೋಲುಗಳ ಲೆಕ್ಕಕ್ಕೆ ಬಂದಾಗ ಮಾತ್ರ ನನ್ನ ಪೆನ್ನು ನಿಂತಿತು. ಒಂದೊಂದು ಕಡೆ ಒಂದೊಂದು ಸಂಖ್ಯೆ. ಒಬ್ಬರು ಸ್ನೇಹಪಂದ್ಯಗಳನ್ನು ಸೇರಿಸಿದ್ದಾರೆ, ಇನ್ನೊಬ್ಬರು ಯುದ್ಧಕಾಲದ್ದನ್ನು ಬಿಟ್ಟಿದ್ದಾರೆ, ಮತ್ತೊಬ್ಬರು ಸೈನಿಕರ ತಂಡದ ಎದುರಿನ ಆಟವನ್ನೂ ಎಣಿಸಿದ್ದಾರೆ. ಅವನ ಸಂದರ್ಶನಗಳನ್ನು ಸಾಲಾಗಿ ಇಟ್ಟು ಓದಿದರೆ ಇನ್ನೊಂದು ಸೋಜಿಗ ಕಂಡಿತು: ಆಟ ನಿಲ್ಲಿಸಿದ ಮೇಲೂ ಅವನ ಗೋಲುಗಳು ಹೆಚ್ಚುತ್ತಲೇ ಹೋಗಿದ್ದವು. ನಲವತ್ತರಲ್ಲಿ ಹೇಳಿದ್ದಕ್ಕಿಂತ ಅರವತ್ತರಲ್ಲಿ ಹೇಳಿದ್ದು ಜಾಸ್ತಿ, ಎಪ್ಪತ್ತರಲ್ಲಿ ಇನ್ನೂ ಜಾಸ್ತಿ. ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ. ನೆನಪೆಂಬುದು ಗೋಲ್‌ಕೀಪರ್ ಇಲ್ಲದ ಮೈದಾನ, ಅಲ್ಲಿ ಹೊಡೆದದ್ದೆಲ್ಲ ಒಳಗೆ ಹೋಗುತ್ತದೆ; ಅಷ್ಟು ಹೇಳಬಲ್ಲೆ. ಗೋಲು ಹೊಡೆಯುವುದಕ್ಕೆ ಒಂದು ಕಾಲು ಸಾಕು. ಅದು ದಾಖಲೆಯಾಗಬೇಕಾದರೆ ನೋಡುವ ಕಣ್ಣು, ಹೇಳುವ ಬಾಯಿ, ಬರೆಯುವ ಕೈ, ಅಚ್ಚು ಮಾಡುವ ಯಂತ್ರ ಇಷ್ಟೂ ಬೇಕು, ಮತ್ತು ಇವುಗಳಲ್ಲಿ ಒಂದಕ್ಕೂ ಚೆಂಡು ತಾಗಿರುವುದಿಲ್ಲ.

ಈ ಅನುಮಾನದ ಕನ್ನಡಕ ಮೂಗಿನ ಮೇಲೆ ಇನ್ನೂ ಇದ್ದಾಗಲೇ ಇಸ್ಮಾಯಿಲ್ ಸಂಚಿಕೆಯ ಕರಡು ಪುಟಗಳನ್ನು ಮೊಬೈಲಿಗೆ ಕಳಿಸಿದರು, ತಪ್ಪಿದ್ದರೆ ತಿದ್ದಿ ಎಂದು. ಮೂರನೆಯ ಪುಟದಲ್ಲಿ ದೊಡ್ಡಕ್ಷರದಲ್ಲಿತ್ತು: ‘ತಂಡದ ಸಾರ್ವಕಾಲಿಕ ಶ್ರೇಷ್ಠ ಗೋಲುಗಾರ: ಅಬ್ಬಾಸ್ ಜುಬೈಲ್. ವಾರ್ಷಿಕೋತ್ಸವದಂದು ಸನ್ಮಾನ.’

ನಾನು ಎದ್ದು ಮೆಟ್ಟಿಲ ಬಳಿ ಹೋಗಿ ಬಟ್ಟೆಯನ್ನು ಬಿಡಿಸಿ ನೋಡಿದೆ. ಅದೇ ಹೆಸರು. ಮರುದಿನ ಬೆಳ್ತಂಗಡಿಯ ಬಸ್ಸು ಹತ್ತಿದೆ.

“ಇಸ್ಮಾಯಿಲರೇ, ಅಬ್ಬಾಸ್ ಜೆರ್ಸಿ ಕೊಟ್ಟವರಲ್ವಾ? ಅವರು ಯಾವಾಗ ಆಡಿದ್ದು?”

ಇಸ್ಮಾಯಿಲ್ ಒಂದು ಜೊತೆ ಚಪ್ಪಲಿಯನ್ನು ಡಬ್ಬಕ್ಕೆ ಹಾಕಿ, ತೆಗೆದು, ಮತ್ತೆ ಹಾಕಿದರು. “ಕಮಿಟಿಯ ಹುಡುಗರು ಹಳೆಯ ಪೇಪರ್ ನೋಡಿ ಎಣಿಸಿದ್ದು. ಪೇಪರಿನಲ್ಲಿ ಹಾಗೇ ಉಂಟು.”

“ಪೇಪರಿನಲ್ಲಿ ಹಾಗೆ ಹೇಗೆ ಬಂತು?”

“ನೀವೇ ಪೇಪರ್‌ನವರು, ನನ್ನನ್ನು ಕೇಳ್ತೀರಾ?” ಎಂದು ನಕ್ಕರು. ನಾನು ನಗಲಿಲ್ಲ. ಆಮೇಲೆ ಅವರೇ ಹೇಳಿದರು. ಪ್ರಾಯೋಜಕರ ಹೆಸರನ್ನು ಗೋಲಿಗೊಮ್ಮೆ ಮೈಕಿನಲ್ಲಿ ಹೇಳಬೇಕೆನ್ನುವುದು ನಮ್ಮ ಕಡೆಯ ರಿವಾಜು. ಆಟದ ನಡುವೆ ಹಂಗೇರಿ ಮೋನಪ್ಪ ಎಂದರೂ, ಅವನು ಗೋಲು ಹೊಡೆದ ಕೂಡಲೇ ಇಸ್ಮಾಯಿಲ್ ಕೂಗುತ್ತಿದ್ದದ್ದು, “ಅಬ್ಬಾಸ್ ಜುಬೈಲ್ ಅವರ ಒಂಬತ್ತನೇ ನಂಬರ್, ಗೋ...ಲ್!” ಎಂದು. ಗೆರೆಯಾಚೆ ನಿಂತು ಬರೆದುಕೊಳ್ಳುತ್ತಿದ್ದ ಯಾವುದೋ ಸಣ್ಣ ಪತ್ರಿಕೆಯ ವರದಿಗಾರ ಕಿವಿಗೆ ಬಿದ್ದದ್ದನ್ನು ಬರೆದ. ಬೆನ್ನು ನೋಡಿದ, ಅಲ್ಲಿಯೂ ಅದೇ ಹೆಸರಿತ್ತು. ಎರಡು ಮೂಲಗಳಿಂದ ಖಚಿತವಾದ ಸುದ್ದಿ! ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಹೆಚ್ಚು ಯಾರು ಕೇಳುತ್ತಾರೆ?

“ನಿಮಗೆ ಗೊತ್ತಿತ್ತಲ್ಲ. ತಿದ್ದಲಿಲ್ಲ ಯಾಕೆ?”

“ಗೋಲು ಹೊಡೆದವನಿಗೆ ಹೊಡೆದದ್ದು ಗೊತ್ತುಂಟು. ಜೆರ್ಸಿ ಕೊಟ್ಟವನಿಗೆ ಕೊಟ್ಟದ್ದು ಸಾರ್ಥಕ ಆಯ್ತು ಅಂತ ಗೊತ್ತಾಗುವುದು ಹೇಗೆ? ಪೇಪರಿನ ತುಂಡು ಕತ್ತರಿಸಿ ಜುಬೈಲಿಗೆ ಕಳಿಸ್ತಿದ್ದೆ. ಮುಂದಿನ ವರ್ಷ ಮತ್ತೆ ಜೆರ್ಸಿ ಬರ್ತಿತ್ತು.” ಅವರ ಧ್ವನಿಯಲ್ಲಿ ಮೈಕಿನ ಗತ್ತು ಇರಲಿಲ್ಲ. “ಬಿಡುವ ಮಾರಾಯ್ರೆ. ಮೋನಪ್ಪ ಎಂತದೂ ಹೇಳುವುದಿಲ್ಲ. ಪಾಪದವ.”

ಇನ್ನೊಬ್ಬನನ್ನು ಪಾಪದವನೆಂದು, ಎಂದರೆ ಸಾಧುವೆಂದು, ಕರೆದು ಅವನ ಪರವಾಗಿ ಮೌನ ಘೋಷಿಸುವವರನ್ನು ನಾನು ನಂಬುವುದಿಲ್ಲ. ಮೋನಪ್ಪನಲ್ಲಿಗೆ ಹೋದೆ. ಅವನು ಲಾರಿಯ ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಕರಡು ಪುಟ ತೋರಿಸಿದೆ. ಓದಿ, ಕೈ ಒರೆಸಿಕೊಂಡು, ಮತ್ತೊಮ್ಮೆ ಓದಿದ.

“ಆಗ ಪರವಾಗಿರಲಿಲ್ಲ,” ಎಂದ. “ಹೊಡೆದ ಕೂಡಲೇ ಎಲ್ಲರೂ ಮೈಮೇಲೆ ಬೀಳ್ತಿದ್ದರು. ಪೇಪರ್ ಯಾರಿಗೆ ಬೇಕಿತ್ತು? ಈಗ ಬೇಕು. ಈಗ ನೋಡಿದವರು ಯಾರೂ ಇಲ್ಲ. ಮಗಳ ಗಂಡನಿಗೆ ನಾನು ಪಂಕ್ಚರಿನವ, ಅಷ್ಟೇ. ನನ್ನ ಹೆಸರು ಹಾಕಿಸಿ ಸಾರ್. ಸತ್ತ ಮೇಲೆ ಫ್ಲೆಕ್ಸಿನಲ್ಲಿ ಹಾಕುವುದು ಬೇಡ, ಅದು ಎಲ್ಲರಿಗೂ ಹಾಕ್ತಾರೆ.”

“ಆ ಗೋಲೆಲ್ಲ ನಿನ್ನದೇ ತಾನೇ?”

ಅವನು ತಡವರಿಸಿದ. “ಒಂದು ಸಲ ಜ್ವರ ಬಂದಿತ್ತು. ನನ್ನ ಜೆರ್ಸಿ ಹಾಕಿ ತಮ್ಮ ಆಡಿದ. ಹೊಡೆದನಂತೆ ಕೂಡ.” ಹೀಗೆ, ಸ್ನೇಹಿತರೇ, ಸತ್ಯದ ಪರವಾಗಿ ಬಸ್ಸು ಹತ್ತಿದವನಿಗೆ ಅಲ್ಲಿಯೂ ಪೂರ್ತಿ ಲೆಕ್ಕ ಸಿಕ್ಕಲಿಲ್ಲ. ಆದರೆ ತನಗೆ ಹಾನಿಯಾಗುವ ಮಾತನ್ನೂ ಬಚ್ಚಿಡದೆ ಹೇಳುವ ಸಾಕ್ಷಿಗೆ ನ್ಯಾಯಾಲಯದಲ್ಲೂ ಸುದ್ದಿಮನೆಯಲ್ಲೂ ಹೆಚ್ಚಿನ ಬೆಲೆ.

ಅಬ್ಬಾಸರ ಮನೆ ಮೂಡುಬಿದಿರೆಯಲ್ಲಿ, ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಗಲ್ಫಿನಿಂದ ಮರಳಿ ಬಂದು ನೆಲೆಸಿದ ಸಂಭಾವಿತರು. ಗೋಡೆಯಲ್ಲಿ ಕಟ್ಟು ಹಾಕಿಸಿದ ಪತ್ರಿಕೆಯ ತುಂಡೊಂದು ತೂಗುತ್ತಿತ್ತು. “ಅಜ್ಜ ಹೊಡೆದ ಗೋಲಿನದು,” ಎಂದಳು ಶರಬತ್ತು ತಂದಿಟ್ಟ ಮೊಮ್ಮಗಳು, ಹತ್ತಿರದ ಮಿಜಾರಿನ ಕಾಲೇಜಿನಲ್ಲಿ ಓದುತ್ತಾಳಂತೆ. “ಕಟ್ಟು ಹಾಕಿಸಿದ್ದು ನಾನು. ಅಜ್ಜನಿಗೆ ನಾಚಿಕೆ.” ಅವಳು ಒಳಗೆ ಹೋಗುವವರೆಗೂ ಅಬ್ಬಾಸ್ ಲೋಟವನ್ನೇ ನೋಡುತ್ತಿದ್ದರು. ಆಮೇಲೆ ನಾನು ಕೇಳದೆಯೇ ಹೇಳಿದರು.

“ನಾನು ಚೆಂಡಿಗೆ ಕಾಲು ತಾಗಿಸಿದವನೇ ಅಲ್ಲ. ಕ್ರೇನ್ ಓಡಿಸ್ತಿದ್ದೆ. ಕೆಲಸಗಾರರ ಕ್ಯಾಂಪಿನಲ್ಲಿ ಮಂಚದ ಮೇಲೆ ಮಂಚ. ಊರಿಂದ ಪೇಪರಿನ ತುಂಡು ಬಂತು, ನನ್ನ ಹೆಸರು. ಜೊತೆಯವರು ಕೇಳಿದರು, ಓ, ನೀನು ಆಡ್ತಿದ್ದೆಯಾ ಅಂತ. ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಹೇಳಲಿಲ್ಲ. ಆಮೇಲೆ ಮಕ್ಕಳು ಕೇಳಿದರು. ಈಗ ಇವಳು.” ಲೋಟವನ್ನು ಬದಿಗೆ ಸರಿಸಿ, “ನೀವು ಬರೀಬೇಡಿ. ಅವಳು ಓದಿ ತಿಳಿಯುವುದು ಬೇಡ. ನಾನೇ ಹೇಳ್ತೇನೆ,” ಎಂದರು.

‘ನಾನೇ ಹೇಳ್ತೇನೆ’ ಎಂಬ ಮಾತನ್ನು ಮಂತ್ರಿಗಳಿಂದ ಹಿಡಿದು ಪಂಚಾಯತಿನವರವರೆಗೆ ಎಷ್ಟೋ ಜನರ ಬಾಯಲ್ಲಿ ಕೇಳಿದ್ದೇನೆ. ಅದರ ಅರ್ಥ ಸಾಮಾನ್ಯವಾಗಿ ‘ಯಾರೂ ಹೇಳುವುದಿಲ್ಲ’ ಎಂದೇ. ಸನ್ಮಾನದ ದಿನ ಸಂಜೆ ನಾನು ಸಭಾಂಗಣದ ಹಿಂದಿನ ಸಾಲಿನಲ್ಲಿ, ಅಬ್ಬಾಸರ ಮೌನವನ್ನು ಎದುರಿಸಲು ಸಿದ್ಧವಾಗಿ, ಜೇಬಿನಲ್ಲಿ ನನ್ನದೇ ಒಂದು ಪುಟದ ತಿದ್ದುಪಡಿಯನ್ನು ಇಟ್ಟುಕೊಂಡು ಕೂತಿದ್ದೆ. ಮೊಮ್ಮಗಳು ಮುಂದಿನ ಸಾಲಿನಲ್ಲಿ ಮೊಬೈಲು ಎತ್ತಿ ಹಿಡಿದಿದ್ದಳು. ಮೋನಪ್ಪ ಬಾಗಿಲ ಬಳಿ ನಿಂತೇ ಇದ್ದ, ಕೂರಲಿಲ್ಲ.

ಇಸ್ಮಾಯಿಲ್ ಹೆಸರು ಕೂಗಿದರು. ಅಬ್ಬಾಸ್ ಹತ್ತಿದರು. ಶಾಲು ಹೊದಿಸಲು ಬಂದವರನ್ನು ಕೈಯೆತ್ತಿ ತಡೆದು, ಮೈಕಿನ ಹತ್ತಿರ ಬಾಗಿ, ತುಳುವಿನಲ್ಲಿ ಹೇಳಿದರು: “ಗೋಲ್ ಪಾಡಿನಾಯೆ ಮೋನಪ್ಪೆ. ಎನ್ನ ಪುದರ್ ಆಯನ ಬೆರಿಟ್ ಇತ್ತ್‌ಂಡ್, ಆತೆ.” ಗೋಲು ಹೊಡೆದವನು ಮೋನಪ್ಪ; ನನ್ನ ಹೆಸರು ಅವನ ಬೆನ್ನಿನಲ್ಲಿತ್ತು, ಅಷ್ಟೇ.

ಸಭೆಯಲ್ಲಿ ಗದ್ದಲವೇನೂ ಆಗಲಿಲ್ಲ. ಹಳಬರು ಕೆಲವರು ತಲೆಯಾಡಿಸಿದರು, ತಮಗೆ ಗೊತ್ತಿತ್ತು ಎನ್ನುವ ಹಾಗೆ. ಮೊಮ್ಮಗಳ ಮೊಬೈಲು ಮೆಲ್ಲಗೆ ಮಡಿಲಿಗೆ ಇಳಿಯಿತು. ಮೋನಪ್ಪ ಬಾಗಿಲಿನಿಂದ ವೇದಿಕೆಯವರೆಗೆ, ಆಟದ ಕಾಲದ ಮಂಡಿನೋವನ್ನು ಅಡಗಿಸಿ, ಕುಂಟದೆ ನಡೆಯಲು ಪ್ರಯತ್ನಿಸುತ್ತಾ ಬಂದ. ಅವನು ಮೆಟ್ಟಿಲಿಗೆ ಕಾಲಿಡುವ ಹೊತ್ತಿಗೆ ಮೊಬೈಲು ಮತ್ತೆ ಮೇಲೆ ಬಂದದ್ದನ್ನು ನಾನು ಕಂಡೆ. ಅದರ ಅರ್ಥವೇನೆಂದು ಕಂಡಿಲ್ಲ, ಆದ್ದರಿಂದ ಬರೆಯುವುದಿಲ್ಲ. “ಶಾಲಿನ ಪ್ರಾಯೋಜಕರು...” ಎಂದು ಇಸ್ಮಾಯಿಲ್ ಬಾಯಿ ತೆರೆದರು, ಅಬ್ಬಾಸ್ ತಿರುಗಿ ನೋಡಿದ ನೋಟಕ್ಕೆ, ನನ್ನ ಅರಿವಿನಲ್ಲಿ ಮೊದಲ ಬಾರಿಗೆ, ಆ ಮೈಕು ಸುಮ್ಮನಾಯಿತು.

ನಾನು ಅವರ ಮನೆಗೆ ಹೋಗದಿದ್ದರೂ ಅಬ್ಬಾಸ್ ಹಾಗೆ ಹೇಳುತ್ತಿದ್ದರೋ, ಅಥವಾ ಪೇಪರಿನವನು ಬರೆದುಬಿಟ್ಟಾನು ಎಂಬ ಭಯ ಹೇಳಿಸಿತೋ, ಈ ಅನುಮಾನ ನನ್ನನ್ನು ಬಿಟ್ಟಿಲ್ಲ. ಭಯದಿಂದ ಹೇಳಿದ ನಿಜವೂ ನಿಜವೇ ಎಂದು ಸಮಾಧಾನ ಮಾಡಿಕೊಂಡಿದ್ದೇನೆ. ಹಂಗೇರಿಯವನ ಬಗ್ಗೆ ನಾನು ಬರೆದುಕೊಟ್ಟ ಲೇಖನದಲ್ಲಿ ಸಂಖ್ಯೆ ಇಲ್ಲ. ‘ಬಹಳ ಗೋಲು ಹೊಡೆದ, ಹೊಡೆದದ್ದನ್ನು ಕಂಡವರಿದ್ದರು’ ಎಂದಷ್ಟೇ ಇದೆ. ಸಂಚಿಕೆ ಅಚ್ಚಿಗೆ ಹೋಗುವುದು ಉತ್ಸವ ಮುಗಿದ ಮೇಲಕ್ಕೆ ತಡವಾಗಿದ್ದರಿಂದ ಮೂರನೆಯ ಪುಟವನ್ನು ತಿದ್ದಲು ಸಮಯವಿತ್ತು; ಅಲ್ಲಿ ಮೋನಪ್ಪನ ಹೆಸರಿನ ಮುಂದೆಯೂ ಸಂಖ್ಯೆ ಹಾಕಬೇಡಿ ಎಂದೆ. ಇಸ್ಮಾಯಿಲ್‌ಗೆ ಅದು ಸಪ್ಪೆ ಎನಿಸಿತು. ಮೋನಪ್ಪ ಮಾತ್ರ ಆ ಪುಟವನ್ನು ಅಂಗಡಿಯಲ್ಲಿ ಗಾಳಿಯ ಪಂಪಿನ ಮೇಲೆ ಅಂಟಿಸಿದ್ದಾನೆ, ಬಂದವರ ಕಣ್ಣಿಗೆ ಬೀಳುವ ಎತ್ತರದಲ್ಲಿ.

ಈಗಲೂ ಬೆಳಿಗ್ಗೆ ಸ್ಕೂಟರ್ ಒರೆಸುತ್ತೇನೆ, ಅದೇ ಬಟ್ಟೆಯಲ್ಲಿ. ಮೊದಲು ಕೈಗೆ ಸಿಕ್ಕ ಹಾಗೆ ಮಡಚುತ್ತಿದ್ದೆ. ಈಗ ಅಚ್ಚಾದ ಹೆಸರು ಒಳಗಾಗುವಂತೆ ಮಡಚಿ, ಏನೂ ಬರೆಯದ ಎದೆಯ ಭಾಗದಿಂದ ಒರೆಸುತ್ತೇನೆ. ಬೆವರು ಬಿದ್ದದ್ದು ಆ ಬದಿಗೇ ಇರಬೇಕು. ಅದು ಮೋನಪ್ಪನದೋ, ಜ್ವರದ ದಿನ ಆಡಿದ ತಮ್ಮನದೋ, ಯಾರು ಹೇಳಬೇಕು?