ದಿನ ಗೊತ್ತಿಲ್ಲದ ಕಳಸಗಿತ್ತಿ

ಕೆಳಗಿನ ಮನೆಯ ಹೆಂಗಸು ಮೊನ್ನೆ ಬಾಗಿಲು ತಟ್ಟಿ, "ಆಂಟಿ, ಒಂದ್ ಲೋಟ ಕರಿ ಎಳ್ಳಿದ್ಯಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಮಗಳಿಗೆ ಎರಡು ತಿಂಗಳಿಂದ ಆಗಿಲ್ಲ, ಅದಕ್ಕೇ" ಎಂದರು. ಕೊಟ್ಟೆ. ಸ್ವಲ್ಪ ಹೊತ್ತಿಗೆಲ್ಲ ಎಳ್ಳು ಹುರಿದ ವಾಸನೆ ಮೆಟ್ಟಿಲು ಹತ್ತಿ ನಮ್ಮ ಮನೆಗೂ ಬಂತು. ನಿಮಗೆ ಆ ವಾಸನೆಗೆ ಸಂಕ್ರಾಂತಿ ನೆನಪಾಗಬಹುದು. ನನಗೆ ನೆನಪಾಗುವುದು ಕುರುಬರಹಳ್ಳಿಯ ಮನೆ ಮತ್ತು ಬಾಯಿ ತುಂಬ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಉಂಡೆ ಇಟ್ಟುಕೊಂಡು ಅಳುತ್ತಿದ್ದ ಹದಿನಾಲ್ಕು ವರ್ಷದ ನಾನು.

ಎಂಬತ್ತರ ದಶಕದ ನಡುವಿನ ಮಾತು. ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹಿತ್ತಲ ಕಡೆಯ ಕೋಣೆಯಲ್ಲಿ ಕೂರಬೇಕಿತ್ತು. ಚಾಪೆ ಬೇರೆ, ತಟ್ಟೆ ಲೋಟ ಬೇರೆ. ಅಪ್ಪನ ತಾಯಿ, ನಮ್ಮಜ್ಜಿ, ಈ ಕಾನೂನಿಗೆಲ್ಲ ಪೊಲೀಸು. ನಿಜ ಹೇಳಬೇಕೆಂದರೆ ಆ ಮೂರು ದಿನ ನನಗೇನೂ ಕಷ್ಟವಾಗುತ್ತಿರಲಿಲ್ಲ. ಪಾತ್ರೆ ತೊಳೆಯುವಂತಿಲ್ಲ, ನೀರು ಹಿಡಿಯುವಂತಿಲ್ಲ, ಹಳೆಯ ವಾರಪತ್ರಿಕೆಗಳ ಧಾರಾವಾಹಿಗಳನ್ನು ಹಿಂದು ಮುಂದಾಗಿ ಓದುತ್ತ ಬಿದ್ದಿರಬಹುದಿತ್ತು. ಸೋಮಾರಿಗೆ ಇನ್ನೇನು ಬೇಕು!

ತೊಂದರೆ ಏನೆಂದರೆ, ನನ್ನದು ಯಾವಾಗ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಒಮ್ಮೆ ಇಪ್ಪತ್ತು ದಿನಕ್ಕೆ ಬಂದರೆ ಇನ್ನೊಮ್ಮೆ ಐವತ್ತಾದರೂ ಸುದ್ದಿಯಿಲ್ಲ. ಒಂದು ಗೌರಿಹಬ್ಬದ ಬೆಳಗ್ಗೆ ಒಬ್ಬಟ್ಟಿನ ಕಣಕ ನಾದುತ್ತಿರುವಾಗಲೇ ಬಂದುಬಿಟ್ಟಿತು. ಅಷ್ಟು ಕಣಕವೂ ಪಕ್ಕದ ಮನೆಯ ಎಮ್ಮೆಗೆ ಹೋಯಿತು. ಅದಾದ ಮೇಲೆ ನಾನು ಎಲ್ಲಿಗೆ ಹೊರಟರೂ ಚೀಲದ ತಳದಲ್ಲಿ ಹಳೆಯ ಸೀರೆಯ ನಾಲ್ಕು ಮಡಿಕೆ ಬಟ್ಟೆ, ಎರಡು ಪಿನ್ನು ಇರುತ್ತಿದ್ದವು.

ಹೀಗಿರುವಾಗ ಅಕ್ಕನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಯ ಹೆಣ್ಣಿನ ಪಕ್ಕದಲ್ಲಿ ತಂಗಿಯಾದವಳು ಕಳಸದ ತಟ್ಟೆ ಹಿಡಿದು ನಿಲ್ಲುತ್ತಾಳೆ. ಅವಳೇ ಕಳಸಗಿತ್ತಿ. ಅವಳಿಗೆ ಹೊಸ ರೇಷ್ಮೆ ಲಂಗ, ಮೊಣಕೈವರೆಗೆ ಬಳೆ, ಪ್ರತಿ ಫೋಟೋದಲ್ಲೂ ಜಾಗ. ಏಳು ವರ್ಷದವಳಿದ್ದಾಗಿನಿಂದ ನಾನು ಕಾದಿದ್ದ ಹುದ್ದೆ ಅದು. ಅಕ್ಕನದು ಹೇಳಿದ ದಿನಕ್ಕೆ ಬರುವ ಮೈ. ಅಜ್ಜಿ ಅವಳ ದಿನಗಳನ್ನು ಬೆರಳು ಮಡಿಸಿ ಎಣಿಸಿಯೇ ಮುಹೂರ್ತಕ್ಕೆ ಒಪ್ಪಿಗೆ ಕೊಟ್ಟಿದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇವಳನ್ನ ನಂಬ್ಕೊಂಡು ಕಳಸ ಕೊಡೋದ್ ಹೆಂಗೆ? ಅತ್ತಿಗುಪ್ಪೆ ಚಿಕ್ಕಪ್ಪನ ಮಗಳಿದಾಳಲ್ಲ, ಅವಳು ನಿಂತ್ಕೊಳ್ಳಿ. ಇನ್ನೂ ದೊಡ್ಡೋಳಾಗಿಲ್ಲ, ಯೋಚ್ನೆನೇ ಇಲ್ಲ."

ಆ ಹುಡುಗಿಗೆ ಎಂಟು ವರ್ಷ. ಸದಾ ಮೂಗು ಸುರಿಯುತ್ತಿತ್ತು. ನಾನು ಎರಡು ದಿನ ಊಟ ಬಿಟ್ಟೆ. ಎರಡು ದಿನ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ, ಒಂದು ರಾತ್ರಿ ಎನ್ನುವುದು ಸರಿ. ಕೊನೆಗೆ ಅಜ್ಜಿ ಒಂದು ಷರತ್ತು ಹಾಕಿದಳು. ಮದುವೆಗೆ ಮೊದಲೇ ಬಂದು ಮುಗಿದರೆ ಕಳಸ ನನಗೆ, ಇಲ್ಲದಿದ್ದರೆ ಅತ್ತಿಗುಪ್ಪೆಗೆ.

ಮಾರನೆಯ ದಿನದಿಂದಲೇ ಬೇಗ ಬರಿಸುವ ಉಪಚಾರ ಶುರುವಾಯಿತು. ಬೆಳಗ್ಗೆ ಚಿಗಳಿ, ಸ್ಕೂಲಿಂದ ಬಂದರೆ ಚಿಗಳಿ, ನಡುವೆ ಪರಂಗಿ ಹಣ್ಣು. ಅಮ್ಮನಿಗೆ ಬೇರೆಯೇ ಭಯ. ಬೇಗ ಬಂದು ಮುಗಿದು, ಮದುವೆಯ ದಿನ ಇನ್ನೊಮ್ಮೆ ಬಂದರೆ? ಅದಕ್ಕೆ ಮುಂದೆ ಹಾಕುವ ಮಾತ್ರೆ ಬರೆಸಿಕೊಳ್ಳಲು ನನ್ನನ್ನು ಬಸವೇಶ್ವರನಗರದ ಲೇಡಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಒಂದೇ ಮನೆಯಲ್ಲಿ ಒಬ್ಬರು ಬಾ ಎನ್ನುತ್ತಿದ್ದರು, ಇನ್ನೊಬ್ಬರು ನಿಲ್ಲು ಎನ್ನುತ್ತಿದ್ದರು. ನನ್ನ ಹೊಟ್ಟೆ ಯಾರ ಮಾತು ಕೇಳಬೇಕು ಹೇಳಿ.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ಕೇಳಿದರು: "ದೊಡ್ಡೋಳಾಗಿ ಎಷ್ಟ್ ದಿನ ಆಯ್ತಮ್ಮ?"

"ಒಂದೂವರೆ ವರ್ಷ."

"ಮೊದಲ ಎರಡು ಮೂರು ವರ್ಷ ಹೀಗೆ ಹಿಂದೆ ಮುಂದೆ ಆಗತ್ತೆ. ಮೈ ಇನ್ನೂ ಕಲೀತಾ ಇದೆ. ಮೂರ್ ತಿಂಗಳು ದಾಟಿದ್ರೆ, ಇಲ್ಲಾ ತುಂಬಾ ಹೋದ್ರೆ ಕರ್ಕೊಂಡ್ ಬನ್ನಿ. ಅಲ್ಲೀವರ್ಗೂ ಚೆನ್ನಾಗ್ ಊಟ ಹಾಕಿ, ಆಟ ಆಡ್ಲಿ. ಮದುವೆ ಇವಳದಾ?"

"ಅಯ್ಯೋ ಇಲ್ಲ ಮೇಡಂ, ಇವಳ ಅಕ್ಕಂದು."

"ಮತ್ತೆ ಇವಳಿಗ್ಯಾಕ್ರೀ ಮಾತ್ರೆ?"

ಅಮ್ಮ ದಾರಿಯುದ್ದಕ್ಕೂ ಗೊಣಗುತ್ತಲೇ ನಡೆದಳು. ನಾನು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದೆ. ನನ್ನ ಮೈ ಕೆಟ್ಟಿಲ್ಲ, ಕಲಿಯುತ್ತಿದೆ! ಗಣಿತದ ಮೇಷ್ಟ್ರು ಕೂಡ ನನ್ನ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಿರಲಿಲ್ಲ.

ಮದುವೆಗೆ ಹತ್ತು ದಿನ ಇರುವಾಗ ಬಂತು. ಅಜ್ಜಿ ಎಲ್ಲ ಕೀರ್ತಿಯನ್ನೂ ಎಳ್ಳಿಗೆ ಕೊಟ್ಟು ಕಳಸ ನನಗೆ ಎಂದಳು. ಆದರೂ ಪೂರ್ತಿ ನಂಬಿಕೆಯಿಲ್ಲ. ವಿಜಯನಗರದ ಛತ್ರದಲ್ಲಿ ಗಂಟೆಗೊಂದು ಸಲ ಬಂದು, "ಏನೂ ಇಲ್ಲ ತಾನೇ?" ಎಂದು ನನ್ನ ಲಂಗದ ಹಿಂಭಾಗ ನೋಡಿಕೊಂಡು ಹೋಗುತ್ತಿದ್ದಳು.

ಧಾರೆಗೆ ಅರ್ಧ ಗಂಟೆ ಇರುವಾಗ ಅಕ್ಕ ನನ್ನನ್ನು ಬಚ್ಚಲುಮನೆಗೆ ಕರೆದು ಚಿಲಕ ಹಾಕಿದಳು. ಹಣೆಗೆ ಬಾಸಿಂಗ ಕಟ್ಟಿ ಆಗಿತ್ತು.

"ನನಗಾಗ್ಬಿಟ್ಟಿದೆ ಕಣೇ. ಇನ್ನೂ ಒಂಬತ್ತು ದಿನ ಇತ್ತು. ಏನ್ ಮಾಡ್ಲೇ?"

ಇಡೀ ಮನೆ ನನ್ನನ್ನು ಕಾಯುತ್ತಿತ್ತು. ಅಕ್ಕನನ್ನು ಯಾರೂ ಕಾದಿರಲಿಲ್ಲ. ಹೊರಗೆ ಓಲಗ ಊದುತ್ತಿದ್ದರು, ಗಂಡಿನ ಕಡೆಯವರು ಕೂತಾಗಿತ್ತು. ಸುದ್ದಿ ಹೊರಬಿದ್ದರೆ ಮುಹೂರ್ತ ನಿಲ್ಲುತ್ತದೆ, ಅಪಶಕುನ ಎನ್ನುವವರು ಎನ್ನುತ್ತಾರೆ, ಆಮೇಲೆ ಆ ಸಂಬಂಧ ಉಳಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು. ನಾನು ಓಡಿಹೋಗಿ ನನ್ನ ಚೀಲ ತಂದೆ. ಬಟ್ಟೆ ಇತ್ತು, ಪಿನ್ನುಗಳೂ ಇದ್ದವು. ಭಾರದ ಸೀರೆಯನ್ನು ಇಬ್ಬರೂ ಸೇರಿ ಎತ್ತಿ ಹಿಡಿದು ಹೇಗೋ ಕೆಲಸ ಮುಗಿಸಿದೆವು.

"ದೇವ್ರು ಏನಂದ್ಕೋತಾನೋ" ಎಂದು ಅಕ್ಕ ಅಳತೊಡಗಿದಳು.

"ದೇವ್ರಿಗೆ ಆಗ್ಲೇ ಗೊತ್ತಾಗಿರತ್ತೆ ಬಿಡೇ. ಅಜ್ಜಿಗೆ ಗೊತ್ತಾಗ್ದಿದ್ರೆ ಸಾಕು."

ಅಳುತ್ತಿದ್ದವಳು ನಕ್ಕಳು. ಧಾರೆ ಆಯಿತು, ತಾಳಿ ಆಯಿತು. ನಾನು ತಟ್ಟೆಯನ್ನು ಎದೆಗೊತ್ತಿ ಹಿಡಿದು, ಛತ್ರದಲ್ಲಿ ಮಡಿ ಎಂದರೆ ನಾನೊಬ್ಬಳೇ ಎನ್ನುವ ಮುಖ ಮಾಡಿಕೊಂಡು ನಿಂತಿದ್ದೆ. ಆಕಾಶವೇನೂ ಬೀಳಲಿಲ್ಲ. ಭಾವ ಒಳ್ಳೆಯವರು, ಇಬ್ಬರು ಮಕ್ಕಳಾದರು, ಈಗ ಕೆಂಗೇರಿಯಲ್ಲಿ ಸ್ವಂತ ಮನೆಯಿದೆ. ಅಜ್ಜಿಗೆ ಟೋಪಿ ಹಾಕಿದ್ದು ನಮ್ಮಿಬ್ಬರ ಗುಟ್ಟಾಗಿ ಉಳಿಯಿತು. ಯಾರ ಮದುವೆಯಲ್ಲಿ ಸೇರಿದರೂ ನಾವು ಮೊಣಕೈಯಲ್ಲಿ ತಿವಿದುಕೊಂಡು ನಗುತ್ತಿದ್ದೆವು.

ಮೊನ್ನೆ ಕೆಳಗಿಳಿದು ಹೋಗಿ ಆ ತಾಯಿಗೆ ನಮ್ಮ ಡಾಕ್ಟರ ಮಾತನ್ನು ಹೇಳಿ ಬಂದೆ. ಚಿಗಳಿ ರುಚಿಗೆ ತಿನ್ನಲಿ, ಹೆದರಿಕೆಗೆ ಬೇಡ ಎಂದೆ. ಹುಡುಗಿ ಕೋಣೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮೇಲೆ ಬಂದು ಅಕ್ಕನಿಗೆ ಫೋನು ಮಾಡಿದೆ. "ನಮ್ಮ ಗುಟ್ಟನ್ನ ಬರೀಲಾ? ಈಗ ಯಾರೇನ್ ಅಂತಾರೆ" ಎಂದೆ.

"ಬರಿ. ಆದ್ರೆ ಅಜ್ಜಿಗೆ ಗೊತ್ತಿರ್ಲಿಲ್ಲ ಅಂತ ಮಾತ್ರ ಬರೀಬೇಡ" ಎಂದಳು ಅಕ್ಕ.

ಮದುವೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಅಜ್ಜಿ ಅಕ್ಕನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳಂತೆ. ಸೆರಗಿನಲ್ಲಿ ಮುಚ್ಚಿ ತಂದ ಬಿಸಿ ಜೀರಿಗೆ ಕಷಾಯ ಕೊಟ್ಟು, "ಹೊಟ್ಟೆ ನೋಯ್ತಿರತ್ತೆ, ಕುಡಿ" ಎಂದಳಂತೆ. ಹೋಗುವಾಗ ತಿರುಗಿ ನಿಂತು ಇನ್ನೊಂದು ಮಾತು: "ಆ ಚಿಕ್ಕದಕ್ಕೆ, ನನಗೆ ಗೊತ್ತಾಯ್ತು ಅಂತ ಹೇಳ್ಬೇಡ. ಎಷ್ಟ್ ಧೈರ್ಯವಾಗಿ ನಿಂತಿತ್ತು, ಪಾಪ. ಹೆದರ್ಕೊಂಡ್ಬಿಡತ್ತೆ."

ನನಗೆ ಕಣ್ಣು ತುಂಬಿ ಬಂತು. ಅಜ್ಜಿ ಆಮೇಲೆ ಹನ್ನೊಂದು ವರ್ಷ ಬದುಕಿದ್ದಳು. ಅಷ್ಟು ವರ್ಷವೂ ಅವಳ ಎದುರಿಗೆ ಕೂತು, ಈ ಮುದುಕಿಯನ್ನು ಹೇಗೆ ಏಮಾರಿಸಿದೆ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ನನ್ನ ಮುಖ ನೋಡಿ ಅವಳೂ ನಗುತ್ತಿದ್ದಳು. ಯಾಕಜ್ಜಿ ನಗ್ತೀಯ ಎಂದು ನಾನು ಒಂದು ಸಲವೂ ಕೇಳಲಿಲ್ಲ.